ಮಂಗಳವಾರದ ಮೆಣಸು

ನನಗೆ ಜ್ವರ ಬರುತ್ತಿದ್ದದ್ದು ಮಂಗಳವಾರ ಸಂಜೆ. ಸೋಮವಾರ ಬರುತ್ತಿರಲಿಲ್ಲ, ಶುಕ್ರವಾರ ಬರುತ್ತಿರಲಿಲ್ಲ. ಮಂಗಳವಾರ ಸಂಜೆ ಐದೂವರೆ ಆರರ ಹೊತ್ತಿಗೆ ಬೆನ್ನಲ್ಲಿ ಚಳಿ ಏಳುತ್ತಿತ್ತು, ಎದೆ ಬಿಗಿಯುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಗುರುವಾರದ ಹೊತ್ತಿಗೆ ಎಲ್ಲ ಮಾಯ. ಇದನ್ನು ಹೇಳಿದರೆ ನಮ್ಮ ಯಜಮಾನರು ನಾರಾಯಣ ಐತಾಳರು ಗಲ್ಲಾದ ಹಿಂದೆ ಕೂತು ನಗುತ್ತಿದ್ದರು.

"ನಿನ್ನ ಜ್ವರಕ್ಕೆ ಪಂಚಾಂಗ ಓದ್ಲಿಕ್ಕೆ ಬರ್ತದಾ ಅನಸೂಯ?"

ನಗಲಿ, ನಗುವವರ ಹಲ್ಲು ನಾನು ಎಣಿಸುವುದಿಲ್ಲ. ಆದರೆ ಎರಡು ವರ್ಷ ಹೀಗೆ ನಕ್ಕರು ನೋಡಿ, ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ನಮ್ಮ ಹೋಟೆಲು ಇರುವುದು ವಡೋದರದ ಗೋರ್ವಾದಲ್ಲಿ, ಮನೆ ಅದರ ಮಾಳಿಗೆಯಲ್ಲಿ. ಊರು ಸಾಲಿಗ್ರಾಮದ ಹತ್ತಿರ. ಇಪ್ಪತ್ತಾರು ವರ್ಷದಿಂದ ಇಲ್ಲೇ ಇದ್ದೇವೆ. ಭಾನುವಾರ ಬಂತೆಂದರೆ ಕೊಯಾಲಿಯ ಕಾಲೊನಿಯಿಂದ ರಿಫೈನರಿಯವರು ಮಕ್ಕಳುಮರಿ ಕಟ್ಟಿಕೊಂಡು ಮಸಾಲೆ ದೋಸೆಗೆ ಬರುತ್ತಾರೆ. ಅವರು ಬರುವುದು ದೋಸೆಗಲ್ಲ, ದೋಸೆಯ ಒಳಗೆ ಸವರುವ ಕೆಂಪು ಚಟ್ನಿಗೆ. ಆ ಚಟ್ನಿ ನನ್ನದು. ಗುಜರಾತಿನವರಿಗೆ ಬಣ್ಣ ಬೇಕು, ಖಾರ ಬೇಡ. ಹಾಗಾಗಿ ಊರ ಕಡೆಯಿಂದ ಬ್ಯಾಡಗಿ ಮೆಣಸಿನ ಮೂಟೆ ತರಿಸಿ, ಒಂದೊಂದನ್ನೂ ತೊಟ್ಟು ಮುರಿದು, ಕತ್ತರಿಯಲ್ಲಿ ಸೀಳಿ, ಬೀಜ ಕೊಡವಿ ತೆಗೆಯಬೇಕು. ವಾರಕ್ಕೊಮ್ಮೆ, ಮಂಗಳವಾರ ಬೆಳಿಗ್ಗೆ, ಹಿಂದಿನ ಉಗ್ರಾಣದಲ್ಲಿ ಮಣೆ ಹಾಕಿ ಕೂತರೆ ಹನ್ನೆರಡು ಗಂಟೆಯವರೆಗೆ ಅದೇ ಕೆಲಸ.

ಅದಕ್ಕೊಂದು ಕ್ರಮ ಉಂಟು, ನಮ್ಮ ಅತ್ತೆ ಕಲಿಸಿದ್ದು. ಹಿಂದಿನ ದಿನ ಸಂಜೆ ಮೆಣಸಿಗೆ ನೀರು ಚಿಮುಕಿಸಿ ಒದ್ದೆ ಗೋಣಿ ಮುಚ್ಚಬೇಕು. ಬೆಳಿಗ್ಗೆಗೆ ಮೆಣಸು ಮೆತ್ತಗಾಗುತ್ತದೆ, ಪುಡಿಯಾಗುವುದಿಲ್ಲ, ಕಣ್ಣುಮೂಗಿಗೆ ಧೂಳು ಹಾರುವುದಿಲ್ಲ. ಅತ್ತೆ ಊರಿನಲ್ಲಿ ಮನೆ ಮಟ್ಟಿಗೆ ಎರಡು ಸೇರು ಮೆಣಸಿಗೆ ಹೀಗೆ ಮಾಡುತ್ತಿದ್ದರು. ನಾವು ಮೂಟೆಗೆ ಮಾಡಿದೆವು. ಸೀಳಿ ಉಳಿದದ್ದು ಅದೇ ಗೋಣಿಯ ಕೆಳಗೆ ಮುಂದಿನ ವಾರಕ್ಕೆ, ಅದರ ಮೇಲೆ ಮತ್ತೆ ನೀರು. ಇದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಅದು ಅತ್ತೆಯ ಕ್ರಮ.

ಮೆಣಸಿನ ಮುಂದೆ ಕೂತವಳು ಕೆಮ್ಮಿದರೆ ಯಾರಾದರೂ ಕೇಳುತ್ತಾರೆಯೇ? ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ. ಅಡುಗೆಯವರು, ನೆಲ ಒರೆಸುವವರು, ಉಗ್ರಾಣಕ್ಕೆ ಬಂದ ಬೆಕ್ಕು ಕೂಡ. ನನ್ನ ಕೆಮ್ಮಿಗೆ ಬೆಕ್ಕಿನ ಕೆಮ್ಮಿಗಿಂತ ಹೆಚ್ಚಿನ ಮರ್ಯಾದೆ ಸಿಗಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ನಾಲಿಗೆ ಹಿಂಜರಿದರೂ. ನನಗಿಂತ ಮೊದಲು ಆ ಮಣೆಯ ಮೇಲೆ ಕೂರುತ್ತಿದ್ದವಳು ಪಾರ್ವತಿ, ನನ್ನ ಮೈದುನ ವಿನಯನ ಹೆಂಡತಿ. ಮೂರು ವರ್ಷ ಮೆಣಸು ಸೀಳಿದಳು. ಮಂಗಳವಾರ ಸಂಜೆ ಬಂತೆಂದರೆ ಮುಸುಕು ಹಾಕಿ ಮಲಗುತ್ತಿದ್ದಳು. ತವರಿಗೆ ಹೋದರೆ ಗುಂಡುಕಲ್ಲಿನ ಹಾಗೆ ಇರುತ್ತಿದ್ದಳು. ಕೆಲಸ ಅಂದರೆ ಜ್ವರ, ತವರು ಅಂದರೆ ಹುಷಾರು ಎಂದು ನಾವೆಲ್ಲ ಆಡಿಕೊಂಡೆವು. ಅವಳು ಒಂದು ದಿನ ನನ್ನ ಹತ್ತಿರ ಏನೋ ಹೇಳಿದಳು, ನಾನೂ ಒಂದು ಮಾತು ಹೇಳಿದೆ. ಆ ಮಾತು ಏನೆಂದು ಕೊನೆಗೆ ಹೇಳುತ್ತೇನೆ. ಮರುವಾರವೇ ಗಂಡನನ್ನು ಹೊರಡಿಸಿಕೊಂಡು ಅವಳು ಸೂರತ್ತಿಗೆ ಹೋದಳು. ಅಲ್ಲಿ ಅವರದ್ದೊಂದು ಸಣ್ಣ ಹೋಟೆಲು. ಎಂಟು ವರ್ಷ ಮಾತಿಲ್ಲ, ಕತೆಯಿಲ್ಲ. ಸೂರತ್ತಿಗೆ ಹೋಗಿ ಬಂದವರು ಹೇಳಿದರು: ಅಲ್ಲಿ ಅವಳೇ ಮೆಣಸು ಸೀಳುತ್ತಾಳಂತೆ, ಜ್ವರವಿಲ್ಲ, ಕೆಮ್ಮಿಲ್ಲ. "ನೋಡಿದ್ಯಾ, ಇಲ್ಲಿ ಮಾತ್ರ ನಾಟಕ" ಎಂದರು ನಮ್ಮವರು. ನಾನು ಹೌದೆಂದೆ. ಹಠದಲ್ಲಿ ಆ ಮಣೆಯ ಮೇಲೆ ನಾನೇ ಕೂತೆ.

ಆರು ವರ್ಷ ಏನೂ ಆಗಲಿಲ್ಲ. ಆಮೇಲೆ ಈ ಮಂಗಳವಾರದ ಜ್ವರ. ಗೋರ್ವಾದ ಡಾಕ್ಟರು ಮೊದಲು ವೈರಲ್ ಎಂದರು, ಆಮೇಲೆ ಟಿಬಿ ಇರಬಹುದು ಎಂದು ಕಫ ಪರೀಕ್ಷೆ ಮಾಡಿಸಿದರು. ಟಿಬಿ ಇಲ್ಲ ಎಂದು ಬಂತು. ಆದರೂ ನನ್ನ ಲೋಟ ಬೇರೆಯಾಯಿತು. ಐವತ್ತೆಂಟು ಕೆಜಿ ಇದ್ದವಳು ನಲವತ್ತೊಂಬತ್ತಕ್ಕೆ ಇಳಿದೆ. ನಡುವೆ ಅಣ್ಣನ ಮಗಳ ಮದುವೆಗೆಂದು ಹದಿನೈದು ದಿನ ಊರಿಗೆ ಹೋದೆ. ಅಲ್ಲಿ ಎರಡು ಮಂಗಳವಾರ ಬಂದು ಹೋದವು, ನನಗೆ ಒಂದು ಸೀನೂ ಬರಲಿಲ್ಲ. ವಾಪಸು ಬಂದಾಗ ನಮ್ಮವರು ಬಾಗಿಲಲ್ಲೇ ಹೇಳಿದರು.

"ಕೆಲಸ ಅಂದ್ರೆ ಜ್ವರ, ತವರು ಅಂದ್ರೆ ಹುಷಾರು."

ಪಾರ್ವತಿಗೆ ಆಡಿದ ಅದೇ ಮಾತು. ಅಕ್ಷರ ಅಕ್ಷರ ಅದೇ. ಸೂಟ್‌ಕೇಸ್ ಕೆಳಗಿಡಲೂ ನನಗೆ ತೋಚಲಿಲ್ಲ. ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ದೊಡ್ಡದಿತ್ತು.

ಮಗಳು ದಿವ್ಯಾ ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಅದಕ್ಕೆ ಅವಳದ್ದೇ ವ್ಯಾಕರಣ. ಅವಳೇ ನನ್ನನ್ನು ಅಲ್ಲಿಯ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಅಮ್ಮ, ಡಾಕ್ಟರ್‌ಗೆ ಎಲ್ಲಾ ಬೋಲಬೇಕು. ಏನೂ ಛುಪಾಯಿಸ್ಬೇಡ."

"ಛುಪಾಯಿಸ್ಲಿಕ್ಕೆ, ಮುಚ್ಚಿಡ್ಲಿಕ್ಕೆ ಎಂತ ಉಂಟು ನನ್ನ ಹತ್ರ? ಕೇಳುವವರು ಬೇಕಲ್ಲ."

ಡಾಕ್ಟರ್ ಮಂಥನ್ ನಮ್ಮ ದಿವ್ಯಾಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು ಇರಬಹುದು, ಅಷ್ಟೆ. ಈ ಹುಡುಗ ಎಂತ ಹೇಳುತ್ತಾನೆ ಎಂದುಕೊಂಡೇ ಕೂತೆ. ನನ್ನ ಮಂಗಳವಾರದ ಜ್ವರದ ಕತೆ ಪೂರ್ತಿ ಕೇಳಿಸಿಕೊಂಡು, ಸ್ಟೆತಾಸ್ಕೋಪು ಮುಟ್ಟುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅನಸೂಯಾಬೆನ್, ಮಂಗಳವಾರ ಬೆಳಿಗ್ಗೆ ನೀವು ಏನು ಮಾಡುತ್ತೀರಿ?"

ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕಣ್ಣಲ್ಲಿ ನೀರು ಬಂತು, ಹೇಳಿಬಿಡುತ್ತೇನೆ, ನಾಚಿಕೆಯೇನು. ಮೆಣಸು ಸೀಳುತ್ತೇನೆ, ಅದರ ಘಾಟಿಗೆ ಕೆಮ್ಮು ಎಂದೆ. ಅವರು ತಲೆ ಅಲ್ಲಾಡಿಸಿದರು. ಘಾಟಿನ ಕೆಮ್ಮು ಆಗಿಂದಾಗಲೇ ಬರುತ್ತದೆ, ಹೊರಗೆ ಬಂದರೆ ನಿಲ್ಲುತ್ತದೆ, ಅದಕ್ಕೆ ಜ್ವರ ಬರುವುದಿಲ್ಲ. ನಿಮ್ಮದು ಐದಾರು ತಾಸು ತಡೆದು, ಚಳಿಜ್ವರದ ಜೊತೆ ಬರುತ್ತದೆ, ಆದ್ದರಿಂದ ಇದು ಘಾಟಲ್ಲ ಎಂದರು. ಸ್ಕ್ಯಾನ್ ಮಾಡಿಸಿದರು, ರಕ್ತ ತೆಗೆಸಿದರು. ಮುಂದಿನ ಸಲ ಬರುವಾಗ ಹಿಡಿ ಮೆಣಸು ತನ್ನಿ, ಆದರೆ ಸೀಳದೆ ಹಾಗೇ ತನ್ನಿ ಎಂದರು.

ಮನೆಗೆ ಬಂದವಳು ಮೂಗಿಗೆ ಸೆರಗು ಕಟ್ಟಿ ಉಗ್ರಾಣಕ್ಕೆ ಹೋದೆ. ಗೋಣಿ ಎತ್ತಿ ಮೇಲಿಂದ ಒಂದು ಮೆಣಸು ಸೀಳಿ ನೋಡಿದೆ, ಚೆನ್ನಾಗಿತ್ತು. ಕೈ ಒಳಗೆ ಹಾಕಿ ಮೂಟೆಯ ಬುಡದಿಂದ ಒಂದು ತೆಗೆದೆ. ಹೊರಗೆ ರೇಷ್ಮೆ ಸೀರೆಯ ಕೆಂಪು. ಸೀಳಿ ಬೆಳಕಿಗೆ ಹಿಡಿದರೆ ಒಳಗೆ ಬೀಜದ ಸುತ್ತ ಬೂದು ಬಣ್ಣದ ಬೂಷ್ಟು, ಹತ್ತಿಯ ಹಾಗೆ. ಇನ್ನೊಂದು ಸೀಳಿದೆ, ಮತ್ತೊಂದು ಸೀಳಿದೆ. ಮೇಲೆ ಥಳಕು ಒಳಗೆ ಹುಳುಕು ಎಂದು ಸಾವಿರ ಸಲ ಬೇರೆಯವರಿಗೆ ಹೇಳಿದವಳು ನಾನು. ಕತ್ತರಿಯಲ್ಲಿ ಸರಸರ ಸೀಳಿ ಕೊಡವುವಾಗ ಒಂದು ದಿನವೂ ಒಳಗೆ ಕಣ್ಣು ಹಾಕಿರಲಿಲ್ಲ. ಕೊಡವಿದ್ದೆಲ್ಲ ನೇರ ನನ್ನ ಮೂಗಿಗೆ ಹೋಗಿತ್ತು.

ಸ್ಟೀಲು ಡಬ್ಬಿಯಲ್ಲಿ ಮೆಣಸು ಹಾಕಿಕೊಂಡು ಮತ್ತೆ ಅಹಮದಾಬಾದಿಗೆ ಹೋದೆ. ರಕ್ತದ ಪರೀಕ್ಷೆ ಬಂದಿತ್ತು. ಡಾಕ್ಟರ್ ಮಂಥನ್ ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬೂಷ್ಟು ನನ್ನ ಎದೆಯಲ್ಲಿ ಬೆಳೆದಿಲ್ಲ. ನಾನು ಉಸಿರಾಡಿದ್ದು ಅದರ ಬೀಜಕಣ, ಅದರ ಮೈಯ ಚೂರು. ಬೂಷ್ಟಿನ ಮೈಗೆ ಒಂದು ಗೋಡೆ ಉಂಟು, ಸಕ್ಕರೆಯಂಥದ್ದೇ ಏನೋ ಸರಪಳಿ ಹೆಣೆದು ಕಟ್ಟಿದ್ದು. ಅಂಥ ಗೋಡೆ ಮನುಷ್ಯರ ಮೈಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಶ್ವಾಸಕೋಶದ ಕಾವಲಿನ ಕಣಗಳು ಅದರ ಒಂದು ಚೂರು ಮುಟ್ಟಿದರೂ ಇದು ಹೊರಗಿನದ್ದು ಎಂದು ಗುರುತು ಹಿಡಿಯುತ್ತವೆ, ಉಳಿದವರನ್ನೆಲ್ಲ ಕೂಗಿ ಕರೆಯುತ್ತವೆ. ವಾರ ವಾರ ಅದೇ ಚೂರು ಬಂದು ಬಂದು, ನನ್ನ ಮೈ ಅದರ ಮೇಲೆ ಹಗೆ ಕಟ್ಟಿಕೊಂಡಿದೆ. ದಂಡು ಕೂಡಿ ಬರಲು ಐದಾರು ಗಂಟೆ ಬೇಕು, ಅದಕ್ಕೇ ಸಂಜೆ ಜ್ವರ.

"ಕಾಯಿಲೆ ಮಾಡಿದ್ದು ಬೂಷ್ಟಿಗಿಂತ ಹೆಚ್ಚು ನಿಮ್ಮ ಮೈಯ ಸಿಟ್ಟು" ಎಂದರು.

ದಿವ್ಯಾ ನಕ್ಕಳು. ನನಗೂ ನಗು ಬಂತು. ನನ್ನ ಸಿಟ್ಟು ಗೋರ್ವಾದವರಿಗೆಲ್ಲ ಗೊತ್ತು, ಒಳಗೂ ಅದೇ ಸಂಸಾರ ಎಂದು ಗೊತ್ತಿರಲಿಲ್ಲ. ಆಮೇಲೆ ಅವರು ನಗದೆ ಹೇಳಿದರು: ಹೀಗೇ ಮುಂದುವರಿದರೆ ಶ್ವಾಸಕೋಶದಲ್ಲಿ ಕಲೆ ಕಟ್ಟುತ್ತದೆ, ಕಟ್ಟಿದ್ದು ವಾಪಸು ಹೋಗುವುದಿಲ್ಲ. ಈಗ ನಿಲ್ಲಿಸಿದರೆ ಉಳಿಯುತ್ತೀರಿ.

ಇದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಮೊಂಡರು. ಮೂಟೆಯನ್ನು ತಾರಸಿಗೆ ಹೊರಿಸಿ ಮೂರು ದಿನ ಮೇ ತಿಂಗಳ ಬಿಸಿಲಿಗೆ ಹರಡಿಸಿದರು.

"ಈ ಬಿಸಿಲಲ್ಲಿ ಯಾವ ಬೂಷ್ಟು ಬದುಕ್ತದೆ? ಸತ್ತುಹೋಯ್ತು ಅದು. ಇನ್ನು ಭಯ ಬೇಡ, ಕೂತ್ಕೋ."

ನಾನೂ ನಂಬಿದೆ. ಸತ್ತದ್ದು ಏನು ಮಾಡುತ್ತದೆ? ಮಂಗಳವಾರ ಬೆಳಿಗ್ಗೆ ಕೂತೆ. ಮೆಣಸು ಗರಿಗರಿಯಾಗಿತ್ತು, ಧೂಳು ಮೊದಲಿಗಿಂತ ಹೆಚ್ಚು ಹಾರಿತು. ಸಂಜೆ ಆರಕ್ಕೆ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮವರು ಮಂಚದ ಪಕ್ಕದಲ್ಲಿ ನಿಂತರು.

"ಬೂಷ್ಟು ಸತ್ತಿದೆ, ಆದ್ರೂ ನಿನಗೆ ಜ್ವರ. ಅಂದ್ಮೇಲೆ ತೊಂದರೆ ಮೆಣಸಿನಲ್ಲಿ ಅಲ್ಲ, ನಿನ್ನಲ್ಲೇ ಉಂಟು."

ದಿವ್ಯಾ ಫೋನಿನಲ್ಲಿ ಡಾಕ್ಟರರನ್ನು ಹಿಡಿದಳು. ಅವರ ಉತ್ತರವನ್ನು ಅವಳು ತನ್ನ ಕನ್ನಡದಲ್ಲಿ ಹೇಳಿದಳು: "ಅಮ್ಮ, ಜೀವ ಇದ್ದರೂ ಸತ್ತರೂ ಫರಕ್ ಇಲ್ಲ. ದೀವಾರ್‌ನ ತುಕ್ಡಾ ಸಾಕು." ಗೋಡೆಯ ಚೂರು ಸಾಕು. ಕಾವಲಿನವರು ಬಂದವನ ಜೀವ ನೋಡುವುದಿಲ್ಲ, ಅವನ ಗುರುತು ನೋಡುತ್ತಾರೆ. ಬಿಸಿಲು ಬೂಷ್ಟನ್ನು ಕೊಂದಿತು, ಆದರೆ ಅದರ ಗೋಡೆಯನ್ನು ಅಳಿಸಲಿಲ್ಲ.

ಇದನ್ನೂ ಹೇಳಿದೆ. ನಮ್ಮವರು ಆಯಿತು ಆಯಿತು ಎಂದರು. ಆ ಆಯಿತಿನ ಅರ್ಥ ಮುಂದಿನ ಮಂಗಳವಾರ ಗೊತ್ತಾಯಿತು. ಬೆಳಿಗ್ಗೆ ನನ್ನ ಹತ್ತಿರ ಬಂದು ನಯವಾಗಿ ಹೇಳಿದರು.

"ನೀನು ಇನ್ನು ಮೇಲೆ ಮನೆಯಲ್ಲೇ ಇರು. ಅಡುಗೆ ಕೋಣೆಗೆ ಬರುದು ಬೇಡ. ಗಿರಾಕಿಗಳು ನಿನ್ನ ಕೆಮ್ಮು ಕೇಳಿ ಏನೇನೋ ಅಂದ್ಕೊಳ್ತಾರೆ. ಮೆಣಸಿಗೆ ಸುಮಿತ್ರಾಬೆನ್‌ಗೆ ಹೇಳಿದ್ದೇನೆ."

ಸುಮಿತ್ರಾಬೆನ್ ಹಿಂದಿನ ಗಲ್ಲಿಯವಳು, ಎರಡು ಸಣ್ಣ ಮಕ್ಕಳ ತಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೊದಲ ಎಮ್ಮೆ ಪಾರ್ವತಿ, ಎರಡನೆಯದು ನಾನು, ಈಗ ಮೂರನೆಯದು. ಮೂಟೆ ಮಾತ್ರ ಅಲ್ಲೇ. ಇಪ್ಪತ್ತಾರು ವರ್ಷ ನನ್ನ ಕೈಯಲ್ಲಿದ್ದ ಅಡುಗೆ ಕೋಣೆಯಿಂದ ನಾನು ಹೊರಗೆ, ಬೂಷ್ಟು ಒಳಗೆ. ನನಗೆ ಆ ಹೊತ್ತಿನಲ್ಲಿ ಬಂದ ಸಿಟ್ಟಿಗೆ ನನ್ನ ಶ್ವಾಸಕೋಶದ ದಂಡೂ ಹೆದರಬೇಕಿತ್ತು.

ಮೂಗಿಗೆ ಸೆರಗು ಬಿಗಿದು ಕೆಳಗಿಳಿದೆ. ಸುಮಿತ್ರಾಬೆನ್ ಆಗಲೇ ಮಣೆಯ ಮೇಲೆ ಕೂತಿದ್ದಳು. ಅವಳ ಕೈಯಿಂದ ಕತ್ತರಿ ತೆಗೆದುಕೊಂಡು, ಹೊರಗೆ ಹೋಗಿ ಚಹಾ ಕುಡಿ ಎಂದೆ. ಆಮೇಲೆ ನಮ್ಮವರನ್ನು ಕರೆದೆ. ಅಡುಗೆಯವರೂ ಬಾಗಿಲಲ್ಲಿ ಬಂದು ನಿಂತರು.

"ಈ ಮೂಟೆ ಇಲ್ಲಿರ್ತದೆ, ಇಲ್ಲ ನಾನಿರ್ತೇನೆ" ಎಂದೆ. "ನೀವು ಜನ ಬದಲಿಸ್ತಾ ಬಂದ್ರಿ. ಮೆಣಸು ಬದಲಿಸ್ಲಿಲ್ಲ."

"ಮರ್ಯಾದೆ ತೆಗೀಬೇಡ ಅನಸೂಯ. ಸತ್ತ ಬೂಷ್ಟು ಯಾರಿಗೂ ಎಂತದೂ ಮಾಡುದಿಲ್ಲ."

"ಹೌದಾ? ಹಾಗಾದ್ರೆ ನೀವೇ ಕೂತ್ಕೊಳ್ಳಿ." ಕತ್ತರಿ ಅವರ ಕಡೆ ಚಾಚಿದೆ. "ಎಲ್ಲರಿಗೂ ಈ ಕಾಯಿಲೆ ಬರುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಅದನ್ನೂ ಮುಚ್ಚಿಡುದಿಲ್ಲ ನಾನು. ನಿಮಗೆ ಬರ್ಲಿಕ್ಕಿಲ್ಲ. ಕೂತು ಹನ್ನೆರಡು ಗಂಟೆವರೆಗೆ ಸೀಳಿ. ನೀವು ಸೀಳಿದ್ರೆ ನಾನು ಮೆಟ್ಟಿಲು ಹತ್ತಿ ಹೋಗ್ತೇನೆ, ಮತ್ತೆ ಕೆಳಗೆ ಇಳಿಯುದಿಲ್ಲ."

ಎಲ್ಲರೂ ನೋಡುತ್ತಿದ್ದರು. ಅವರು ಪಂಚೆ ಮೇಲೆ ಕಟ್ಟಿ ಮಣೆಯ ಮೇಲೆ ಕೂತರು. ಅವರು ಸೀಳಿಬಿಟ್ಟರೆ ನಾನು ಸೋತ ಹಾಗೆ, ಆಡಿದ ಮಾತಿಗೆ ತಪ್ಪುವವಳು ನಾನಲ್ಲ. ಅವರು ಮೂಟೆಯ ಮೇಲಿನ ಮೆಣಸಿಗೆ ಕೈ ಹಾಕಿದರು. "ಬುಡದಿಂದ ತೆಗೀರಿ" ಎಂದೆ. ಬುಡದಿಂದ ತೆಗೆದರು. ತೊಟ್ಟು ಮುರಿದರು, ಸೀಳಿದರು, ಬಾಗಿಲ ಬೆಳಕಿಗೆ ಹಿಡಿದರು. ಬೂಷ್ಟಿನ ಪುಡಿ ಬೆಳಕಿನಲ್ಲಿ ಮೇಲಕ್ಕೆದ್ದಿತು. ಅವರು ಮುಖ ಹಿಂದಕ್ಕೆ ತೆಗೆದರು. ಉಸಿರು ಬಿಗಿ ಹಿಡಿದದ್ದು ನನಗೆ ಕಂಡಿತು, ಎಲ್ಲರಿಗೂ ಕಂಡಿತು.

ಕೈಯಲ್ಲಿದ್ದ ಮೆಣಸನ್ನು ಅವರು ಕೊಡವಲಿಲ್ಲ. ಮೆಲ್ಲಗೆ ಕೆಳಗಿಟ್ಟರು. ಎರಡನೆಯದಕ್ಕೆ ಕೈ ಹೋಗಲಿಲ್ಲ.

"ಇದನ್ನಾ ಅವಳು ಮೂರು ವರ್ಷ ಸೀಳಿದ್ದು?" ಎಂದರು.

ಅವಳು ಎಂದರೆ ನಾನಲ್ಲ. ನನಗೆ ಅರ್ಥವಾಯಿತು.

ಮೂಟೆಯ ಬಾಯಿ ಅವರೇ ಕಟ್ಟಿದರು. ಪಾಲಿಕೆಯ ಕಸದ ಗಾಡಿ ಬಂದಾಗ ಅವರೇ ಹೊತ್ತು ಹಾಕಿದರು. ಆ ದಿನ ಮಸಾಲೆ ದೋಸೆಗೆ ಕೆಂಪು ಚಟ್ನಿ ಇರಲಿಲ್ಲ. ಗಿರಾಕಿಗಳು ಕೇಳಿದರು. ಇವತ್ತು ಇಲ್ಲ, ಕೆಟ್ಟ ಮೆಣಸು ಬಂದಿತ್ತು, ಎಸೆದೆವು ಎಂದು ನಾನೇ ಹೊರಗೆ ಬಂದು ಹೇಳಿದೆ. ಯಾರ ಮರ್ಯಾದೆಯೂ ಹೋಗಲಿಲ್ಲ.

ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಪಾರ್ವತಿಗೆ ಫೋನು ಮಾಡಿದೆ. ನಮ್ಮವರು, ಅಡುಗೆಯವರು, ಸುಮಿತ್ರಾಬೆನ್ ಎಲ್ಲ ಅಲ್ಲೇ ಊಟಕ್ಕೆ ಕೂತಿದ್ದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ನಡೆದದ್ದನ್ನೆಲ್ಲ ಹೇಳಿ, ನಿನ್ನದು ನಾಟಕ ಆಗಿರ್ಲಿಲ್ಲ ಪಾರ್ವತಿ, ಕಾಯಿಲೆ ಆಗಿತ್ತು ಎಂದೆ. ಆ ಕಡೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಭಾವ ಇದ್ದಾರಾ ಅಲ್ಲಿ?"

"ಇದ್ದಾರೆ. ಎಲ್ಲರೂ ಇದ್ದಾರೆ."

"ಮೆಣಸಿನಲ್ಲಿ ಹಳೇ ಒದ್ದೆ ಬಟ್ಟೆ ವಾಸನೆ ಉಂಟು ಅಕ್ಕ, ಎದೆ ಹಿಡೀತದೆ ಅಂತ ನಾನು ಅವತ್ತು ಹೇಳಿದ್ದೆ. ಅದಕ್ಕೆ ನೀವು ಎಂತ ಹೇಳಿದ್ರಿ, ನೆನಪುಂಟಾ?"

"ಉಂಟು."

"ಹೇಳಿ."

ಮೆಣಸಿನ ಮೂಟೆ ಹೊರಹಾಕಿದ್ದು ಸುಲಭ. ಇದು ಕಷ್ಟ. ಆದರೂ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ.

"ಘಾಟಿಗೆ ಹೆದರುವವಳು ಹೋಟೆಲಿನವನ ಕೈ ಹಿಡೀಬಾರ್ದಿತ್ತು ಅಂತ ಹೇಳಿದೆ. ತಪ್ಪು ಹೇಳಿದೆ. ನಿನ್ನ ಮೈ ಸರಿ ಇತ್ತು, ನಮ್ಮ ಮೂಟೆ ಸರಿ ಇರ್ಲಿಲ್ಲ."

ನಮ್ಮವರು ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನೂ ತಪ್ಪು ಹೇಳಿದೆ ಪಾರ್ವತಿ" ಎಂದರು, ಅಷ್ಟು ದೂರದಿಂದ ಫೋನಿಗೆ ಕೇಳಿತೋ ಇಲ್ಲವೋ. ನಾನು ಫೋನನ್ನು ಅವರ ತಟ್ಟೆಯ ಹತ್ತಿರ ಸರಿಸಿ, ಇನ್ನೊಮ್ಮೆ ಹೇಳಿ ಎಂದೆ. ಇನ್ನೊಮ್ಮೆ ಹೇಳಿದರು.

ಆ ಕಡೆ ಪಾರ್ವತಿ ಮೂಗು ಏರಿಸಿಕೊಂಡ ಸದ್ದು.

"ಹೊಸ ಮೆಣಸು ಬಂದ್ರೆ ಮೊದಲು ಬಿಸಿಲಿಗೆ ಹಾಕಿ ಅಕ್ಕ. ನೀರು ಮುಟ್ಟಿಸ್ಬೇಡಿ, ಗೋಣಿ ಮುಚ್ಚಬೇಡಿ. ಆ ವಾರಕ್ಕೆ ಬೇಕಾದಷ್ಟೇ ಸೀಳಿ. ನಾನು ಎಂಟು ವರ್ಷದಿಂದ ಹಾಗೇ ಮಾಡುದು, ಒಂದು ದಿನ ಜ್ವರ ಬರ್ಲಿಲ್ಲ."

"ನಿನಗೆ ಗೊತ್ತಿತ್ತಾ? ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆನಲ್ಲ ಅಕ್ಕ," ಎಂದಳು ಪಾರ್ವತಿ. "ಅವತ್ತೇ ಹೇಳಿದ್ದೆನಲ್ಲ."

ಹೌದು, ನೀನು ಹೇಳಿದ್ದೆ, ನಾನು ಕೇಳ್ಲಿಲ್ಲ, ಮುಂದಿನ ಮಂಗಳವಾರ ಅಲ್ಲಿಗೆ ಬರ್ತೇನೆ ಎಂದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಉಗ್ರಾಣದ ಎರಡೂ ಕಿಟಕಿ ತೆಗೆಸಿ, ಮೂಗಿಗೆ ಮಾಸ್ಕು ಹಾಕಿಕೊಂಡು ನಮ್ಮವರು ಹೊಸ ಮೆಣಸು ಸೀಳಲು ಕೂತರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ನಾನು ಬಾಗಿಲ ಹೊರಗೆ ನಿಂತು, ಬೀಜ ಸರಿಯಾಗಿ ಹೋಗಿಲ್ಲ, ಮತ್ತೆ ಕೊಡವಿ ಎಂದು ನಾಲ್ಕು ಸಲ ಹೇಳಿದೆ. ಆಮೇಲೆ ಚೀಲ ಹಿಡಿದು ಹೊರಟೆ. ಸಂಜೆ ಆರು ಗಂಟೆಗೆ ನಾನು ಸೂರತ್ತಿನಲ್ಲಿ ಪಾರ್ವತಿಯ ಹೋಟೆಲಿನ ಮೆಟ್ಟಿಲು ಹತ್ತುತ್ತಿದ್ದೆ. ಒಟ್ಟು ಹನ್ನೊಂದು ಮೆಟ್ಟಿಲು. ಎಲ್ಲೂ ನಿಲ್ಲಲಿಲ್ಲ.